ಇಳಿಯುವ ನೀರು, ಸರಿಯುವ ಹಕ್ಕಿ: ಬೇಸಿಗೆಯಲ್ಲಿ ಬೆಂಗಳೂರಿನ ಕೆರೆ ನೋಡುವ ಕ್ರಮ

ಕೆರೆ ಹಕ್ಕಿ ನೋಡುವುದಾದರೆ ಡಿಸೆಂಬರ್, ಜನವರಿ. ಆಮೇಲೆ ಬೈನಾಕ್ಯುಲರ್ ಬೀರುವಿನೊಳಗೆ. ಬೆಂಗಳೂರಿನಲ್ಲಿ ಈ ಮಾತು ಚಾಲ್ತಿಯಲ್ಲಿದೆ. ವಲಸೆ ಬಾತುಗಳ ಲೆಕ್ಕವಷ್ಟೇ ಬೇಕು ಅನ್ನುವವರಿಗೆ ಅದು ಸಾಕು. ಆದರೆ ಫೆಬ್ರವರಿ ಕೊನೆಯಿಂದ ಜೂನ್‌ವರೆಗೆ ಒಂದೇ ಕೆರೆಗೆ ವಾರಕ್ಕೊಮ್ಮೆ ಹೋಗಿಬನ್ನಿ. ಬಂದವು ಹೊರಡುವುದು, ಇರುವವು ಬಣ್ಣ ಬದಲಿಸುವುದು, ಗೂಡು, ಮೊಟ್ಟೆ, ಮರಿ ಎಲ್ಲ ಈ ನಾಲ್ಕು ತಿಂಗಳಲ್ಲೇ ಕಣ್ಣೆದುರು ನಡೆಯುತ್ತದೆ. ಹಕ್ಕಿಗಳ ಹೆಸರು ಕಲಿಯುವುದಕ್ಕಿಂತ ಮೊದಲು ನೀರು ಎಷ್ಟು ಇಳಿದಿದೆ, ಎಲ್ಲಿ ಕೆಸರು ಬಿಟ್ಟಿದೆ ಎಂದು ನೋಡುವುದು ಕಲಿತರೆ ಅರ್ಧ ಕೆಲಸ ಆದಂತೆ.

ಯಾವ ಕೆರೆ?

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಇಲ್ಲಿನ ಕೆರೆಗಳೆಲ್ಲ ಜನ ಏರಿ ಹಾಕಿ ಕಟ್ಟಿದವು. ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಒಂದರ ಕೋಡಿ ನೀರು ರಾಜಕಾಲುವೆ ಹಿಡಿದು ಇನ್ನೊಂದಕ್ಕೆ ಹೋಗುವಂತೆ ಸರಪಳಿಯಾಗಿ ಕೂತಿವೆ. ಹಕ್ಕಿ ನೋಡುವವರಿಗೆ ಇವು ಎರಡು ಬಗೆ. ಜಕ್ಕೂರು ಕೆರೆಯಂಥದ್ದಕ್ಕೆ ಸಂಸ್ಕರಣಾ ಘಟಕದ ನೀರು ವರ್ಷವಿಡೀ ಬರುತ್ತದೆ, ಏಪ್ರಿಲ್‌ನಲ್ಲೂ ತುಂಬಿಕೊಂಡಿರುತ್ತದೆ. ಮಳೆಯನ್ನೇ ನಂಬಿದ ಕೆರೆಗಳು ಬೇಸಿಗೆಯಲ್ಲಿ ಕುಗ್ಗುತ್ತಾ ಹೋಗುತ್ತವೆ. 1894ರಲ್ಲಿ ನಗರಕ್ಕೆ ಕುಡಿಯುವ ನೀರಿಗೆಂದು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆಯದು ಈ ಎರಡನೇ ಗುಂಪು. ಗೂಡು, ಮರಿ ನೋಡಬೇಕಿದ್ದರೆ ಮೊದಲನೆಯದು. ಕೆಸರಿನ ಗೊರವಗಳು (ಸ್ಯಾಂಡ್‌ಪೈಪರ್) ಬೇಕಿದ್ದರೆ ಎರಡನೆಯದು.

ಇನ್ನೊಂದು ವಿಷಯ ಆರಿಸುವ ಮೊದಲೇ ನೋಡಿಕೊಳ್ಳಿ. ಅಭಿವೃದ್ಧಿ ಹೆಸರಲ್ಲಿ ಕೆಲವು ಕೆರೆಗಳನ್ನು ಬಟ್ಟಲಿನಂತೆ ಆಳಕ್ಕೆ ತೋಡಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿದ್ದಾರೆ. ಅಂಚಿನಲ್ಲೇ ನೀರು ಆಳವಾಗಿದ್ದರೆ ನಡೆದಾಡಿ ತಿನ್ನುವ ಹಕ್ಕಿಗೆ ಕಾಲೂರಲು ಜಾಗವೇ ಇರುವುದಿಲ್ಲ. ಅಂಥ ಕೆರೆಯಲ್ಲಿ ನೀರುಕಾಗೆ, ನಾಮದ ಕೋಳಿ (ಕೂಟ್) ಬಿಟ್ಟು ಹೆಚ್ಚೇನೂ ನಿರೀಕ್ಷಿಸಬೇಡಿ. ನೋಟ ಎಷ್ಟೇ ಚೆನ್ನಾಗಿದ್ದರೂ. ಒಂದು ಮೂಲೆಯಲ್ಲಾದರೂ ಇಳಿಜಾರು ಮಣ್ಣಿನ ದಡ, ಸ್ವಲ್ಪ ಜಂಬುಹುಲ್ಲು, ನೀರಲ್ಲಿ ನಿಂತ ಒಣಮರವೋ ನಡುಗಡ್ಡೆಯೋ ಇರುವ ಕೆರೆ ಹುಡುಕಿ. ಹೆಬ್ಬಾಳ, ರಾಚೇನಹಳ್ಳಿ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ, ಮಡಿವಾಳ, ಯಲಹಂಕದ ಪುಟ್ಟೇನಹಳ್ಳಿ ಇವುಗಳಲ್ಲಿ ಮನೆಗೆ ಯಾವುದು ಹತ್ತಿರವೋ ಅದೇ ಒಳ್ಳೆಯದು. ಮೂವತ್ತು ಕಿಲೋಮೀಟರ್ ದೂರದ ಹೆಸರಾಂತ ಕೆರೆಗೆ ಎರಡು ಸಲ ಹೋಗಿ ಬಿಡುವುದಕ್ಕಿಂತ ಪಕ್ಕದ ಸಾಧಾರಣ ಕೆರೆಗೆ ಪ್ರತಿ ವಾರ ಹೋಗುವುದೇ ಮೇಲು.

ಬಹಳಷ್ಟು ಕೆರೆಗಳ ಗೇಟು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ, ಸಮಯ ಒಂದೊಂದರದು ಒಂದೊಂದು. ಫಲಕ ಓದಿಕೊಂಡು, ಕ್ಯಾಮೆರಾಗೆ ಬೇರೆ ನಿಯಮವಿದೆಯೇ ಎಂದು ಕಾವಲುಗಾರರನ್ನು ಮೊದಲ ದಿನವೇ ಕೇಳಿಬಿಡಿ. ಅವರ ಪರಿಚಯ ಇನ್ನೊಂದಕ್ಕೂ ಉಪಯೋಗ: ನಿನ್ನೆ ಏನು ಬಂದಿತ್ತು ಎಂದು ಅವರಷ್ಟು ನಿಖರವಾಗಿ ಹೇಳುವವರು ಇಲ್ಲ.

ಏರಿ, ತೂಬು, ಕೋಡಿ, ಅಂಗಳ

ಮೊದಲ ಭೇಟಿಯಲ್ಲಿ ಹಕ್ಕಿ ಬಿಟ್ಟು ಕೆರೆಯನ್ನೇ ಒಂದು ಸುತ್ತು ಹಾಕಿ. ಒಂದು ಹಾಳೆಯಲ್ಲಿ ಒರಟಾಗಿ ನಕ್ಷೆ ಬರೆದು ನಾಲ್ಕು ಗುರುತು ಹಾಕಿ.

ಏರಿ ಇರುವುದು ಕೆರೆಯ ತಗ್ಗಿನ ಬದಿಯಲ್ಲಿ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ನೀರು ಅತ್ಯಂತ ಆಳ. ಮುಳುಗಿ ಬೇಟೆಯಾಡುವ ಗುಳುಮುಳುಕ, ನೀರುಕಾಗೆ, ಹಾವಕ್ಕಿ ಮತ್ತು ಈಜಿ ಮೀನು ಗೋರುವ ಹೆಜ್ಜಾರ್ಲೆ (ಪೆಲಿಕನ್) ಇಲ್ಲಿ ಹೆಚ್ಚು. ಇದರ ಎದುರು ಬದಿ, ಕಾಲುವೆ ಬಂದು ಸೇರುವ ಕಡೆ, ಕೆರೆ ಅಂಗಳ. ಅಲ್ಲಿ ಹೂಳು ತುಂಬಿ ನೀರು ತೆಳ್ಳಗಿರುತ್ತದೆ, ಬೇಸಿಗೆಯಲ್ಲಿ ಮೊದಲು ಬಯಲಾಗುವುದೂ ಅದೇ. ಕೆಂಬರಲು (ಐಬಿಸ್), ಗೊರವ, ಮೆಟ್ಟುಗಾಲ ಹಕ್ಕಿ (ಸ್ಟಿಲ್ಟ್), ಬೆಳ್ಳಕ್ಕಿಗಳ ಜಾಗ ಅದು. ಕೋಡಿಯ ಸುತ್ತ ತೇವ ಉಳಿಯುವುದರಿಂದ ಹುಲ್ಲು, ಪೊದೆ ದಟ್ಟ. ಹುಂಡುಕೋಳಿ, ಉಲಿಯಕ್ಕಿಗಳನ್ನು ಅಲ್ಲಿ ಕಿವಿಯಿಂದ ಹುಡುಕಬೇಕು.

ಈಗ ನೀರಿನ ಗುರುತು. ತೂಬಿನ ಕಲ್ಲು, ಮೆಟ್ಟಿಲು, ಅಲ್ಲಾಡದ ಒಂದು ಬಂಡೆ, ಯಾವುದಾದರೂ ಒಂದನ್ನು ಆರಿಸಿ ಪ್ರತಿ ವಾರ ಎಷ್ಟು ಮೆಟ್ಟಿಲು ಹೊರಬಿದ್ದಿದೆ ಎಂದು ಬರೆದಿಡಿ, ಅದೇ ಜಾಗದಿಂದ ಒಂದು ಫೋಟೊ ತೆಗೆಯಿರಿ. ಗೊರವದಂಥ ಸಣ್ಣ ಹಕ್ಕಿಗೆ ಬೆರಳುದ್ದದ ನೀರು ಸಾಕು, ಅದಕ್ಕಿಂತ ಆಳವಾದರೆ ಆಗದು. ಮೆಟ್ಟುಗಾಲ ಹಕ್ಕಿ ಒಂದು ಗೇಣು ನೀರಲ್ಲಿ ನಿಲ್ಲಬಲ್ಲದು. ಬೂದು ಬಕ, ಬಣ್ಣದ ಕೊಕ್ಕರೆ ಇನ್ನೂ ಆಳಕ್ಕಿಳಿಯುತ್ತವೆ. ಹಾಗಾಗಿ ನೀರು ಇಳಿದ ಹಾಗೆ ಇಡೀ ಸಾಲು ಅಂಗಳದಿಂದ ಏರಿಯ ಕಡೆಗೆ ಸರಿಯುತ್ತದೆ. ಹೋದ ವಾರ ಗೊರವ ಇದ್ದ ಜಾಗ ಈ ವಾರ ಬಿರುಕು ಬಿಟ್ಟಿದ್ದರೆ ಅವು ಕೆರೆ ಬಿಟ್ಟವೆಂದು ತೀರ್ಮಾನಿಸಬೇಡಿ, ನೂರು ಹೆಜ್ಜೆ ಮುಂದೆ ಹೊಸ ಕೆಸರಂಚಿನಲ್ಲಿ ನೋಡಿ.

ಸಮಯ, ಬೆಳಕು, ಬೈನಾಕ್ಯುಲರ್

ಮಾರ್ಚ್ ಆರಂಭದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.35ರ ಸುಮಾರಿಗೆ, ಮೇ ಕೊನೆಗೆ 5.50ರ ಸುಮಾರಿಗೆ. ಹುಟ್ಟಿದ ಮೊದಲ ಎರಡು ಗಂಟೆ ಚಿನ್ನ. ಏಪ್ರಿಲ್‌ನಲ್ಲಿ ಒಂಬತ್ತಾಗುತ್ತಿದ್ದಂತೆ ಬಿಸಿ ನೆಲದಿಂದ ಗಾಳಿ ಅಲೆಯಾಗಿ ಏಳುತ್ತದೆ, ದೂರದ ಹಕ್ಕಿ ಮಸೂರದೊಳಗೆ ಕುದಿಯುತ್ತಿರುವಂತೆ ಕಾಣುತ್ತದೆ. ಫೋಕಸ್ ಕೆಟ್ಟಿದೆ ಎಂದು ಚಕ್ರ ತಿರುಗಿಸಿ ಪ್ರಯೋಜನವಿಲ್ಲ. ಎಷ್ಟು ದುಬಾರಿ ಉಪಕರಣವಾದರೂ ಅಷ್ಟೇ.

ಸೂರ್ಯ ಬೆನ್ನಿಗಿರಲಿ. ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ, ಸಂಜೆ ಪಶ್ಚಿಮ ದಡದಲ್ಲಿ ನಿಂತು ಪೂರ್ವಕ್ಕೆ ನೋಡಬೇಕು. ಎದುರು ಬೆಳಕಿನಲ್ಲಿ ಎಲ್ಲ ಬಾತುಗಳೂ ಕಪ್ಪು. ಗೇಟು ತಪ್ಪು ಬದಿಯಲ್ಲಿದ್ದರೆ ಮೊದಲು ಬೇಗಬೇಗ ನಡೆದು ಆಚೆ ದಡ ಸೇರಿ, ಆಮೇಲೆ ನೋಡಲು ಶುರು ಮಾಡಿ.

ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. 10x ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ, ನೋಟದ ಅಗಲವನ್ನೂ ಕಡಿಮೆ ಮಾಡುತ್ತದೆ, ಹಾರುವ ಹಕ್ಕಿ ಹಿಡಿಯುವುದು ಹೊಸಬರಿಗೆ ಕಷ್ಟ. ಕೊಂಡ ದಿನವೇ ಕಣ್ಣಿಗೆ ಹೊಂದಿಸಿ: ಕನ್ನಡಕ ಇದ್ದರೆ ಕಣ್ಣಿನ ಕಪ್ ಒಳಕ್ಕೆ, ಇಲ್ಲದಿದ್ದರೆ ಹೊರಕ್ಕೆ ತಿರುಗಿಸಿ, ಎರಡು ವೃತ್ತ ಒಂದಾಗುವವರೆಗೆ ನಡುವೆ ಮಡಿಸಿ, ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ದೂರದ ಒಂದು ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿ, ಈಗ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರವಿರುವ ಡಯಾಪ್ಟರ್ ಉಂಗುರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಉಂಗುರ ಎಲ್ಲಿ ನಿಂತಿತೋ ನೆನಪಿಡಿ. ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ ಅನ್ನುವವರಲ್ಲಿ ಬಹುತೇಕರು ಈ ಉಂಗುರ ಮುಟ್ಟಿಯೇ ಇರುವುದಿಲ್ಲ.

ಮಿಕ್ಕಿದ್ದು: ಒಂದು ಲೀಟರ್ ನೀರು, ಟೋಪಿ, ಮಾಸಲು ಬಣ್ಣದ ಬಟ್ಟೆ, ಮುಚ್ಚಿದ ಶೂ. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಚಪ್ಪಲಿಯಲ್ಲಿ ಹೋಗಬೇಡಿ.

ಸ್ಥಳದಲ್ಲಿ ಮಾಡಬೇಕಾದ್ದು

1. ಬೆಳಕು, ಅಂಗಳ, ಆಳ ನೀರು ಈ ಮೂರೂ ಸಿಗುವಂತೆ ಮೂರೋ ನಾಲ್ಕೋ ನಿಲ್ದಾಣ ಗೊತ್ತುಮಾಡಿ. ಪ್ರತಿ ವಾರ ಅವೇ.
2. ಒಂದೊಂದರಲ್ಲೂ ಹತ್ತು ನಿಮಿಷ ನಿಲ್ಲಿ. ಮೊದಲ ಎರಡು ನಿಮಿಷ ಬರಿಗಣ್ಣು, ಬರಿಗಿವಿ. ನೀವು ಬಂದಾಗ ಹುಲ್ಲೊಳಗೆ ಸರಿದ ಹಕ್ಕಿ ಹೊರಬರಲು ಅಷ್ಟು ಹೊತ್ತು ಬೇಕು.
3. ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾ ಎಣಿಸಿ. ಗುಂಪು ದೊಡ್ಡದಿದ್ದರೆ ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗದ ಅಳತೆ ಕಣ್ಣಲ್ಲಿಟ್ಟುಕೊಂಡು ಅಂಥ ಎಷ್ಟು ತುಂಡಿದೆ ನೋಡಿ. ಗುಳುಮುಳುಕ, ನೀರುಕಾಗೆ ಎಣಿಸುವಾಗ ಕೆಲವು ನೀರೊಳಗಿರುತ್ತವೆ. ಎರಡು ಸಲ ಎಣಿಸಿ ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ.
4. ಗೊತ್ತಿಲ್ಲದ ಹಕ್ಕಿ ಕಂಡರೆ ಪುಸ್ತಕ ತೆಗೆಯಬೇಡಿ. ಅದು ಇರುವಷ್ಟು ಹೊತ್ತು ಅದನ್ನೇ ನೋಡಿ, ಈ ಅನುಕ್ರಮದಲ್ಲಿ ಬರೆಯಿರಿ: ಗುಬ್ಬಿ, ಮೈನಾ, ಕಾಗೆ ಇವುಗಳಲ್ಲಿ ಯಾವುದರ ಗಾತ್ರ, ಕೊಕ್ಕಿನ ಉದ್ದ ಮತ್ತು ಬಣ್ಣ, ಕಾಲಿನ ಬಣ್ಣ, ಏನು ಮಾಡುತ್ತಿದೆ, ಹಾರಿದಾಗ ಬೆನ್ನು, ಸೊಂಟ, ರೆಕ್ಕೆಯಲ್ಲಿ ಬಿಳಿ ಎಲ್ಲಿದೆ. ಮೈಬಣ್ಣ ಕೊನೆಗೆ. ಬೇಸಿಗೆಯಲ್ಲಿ ಬಣ್ಣ ವಾರವಾರಕ್ಕೆ ಬದಲಾಗುತ್ತದೆ, ಕೊಕ್ಕಿನ ಆಕಾರ ಬದಲಾಗುವುದಿಲ್ಲ.

ಹಕ್ಕಿ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಹಾಕುವುದಾದರೆ ಕಂಡದ್ದನ್ನೆಲ್ಲ ಸೇರಿಸಿ ‘ಪೂರ್ಣ ಪಟ್ಟಿ’ ಎಂದೇ ಕೊಡಿ. ಕಾಗೆ, ಹದ್ದು, ಪಾರಿವಾಳ ಬಿಟ್ಟು ಅಪರೂಪದವನ್ನು ಮಾತ್ರ ಹಾಕಿದ ಪಟ್ಟಿಯಿಂದ ಯಾವ ಹಕ್ಕಿ ಹೆಚ್ಚಿತು, ಯಾವುದು ಕಡಿಮೆಯಾಯಿತು ಎಂದು ಯಾರಿಗೂ ಗೊತ್ತಾಗದು. ಮೇ ಎರಡನೇ ಶನಿವಾರ ನಡೆಯುವ ಗ್ಲೋಬಲ್ ಬಿಗ್ ಡೇಗೆ (ಜಗತ್ತಿನಾದ್ಯಂತ ಒಂದೇ ದಿನ ಹಕ್ಕಿ ಎಣಿಸುವ ಕಾರ್ಯಕ್ರಮ) ಪಟ್ಟಿ ಹಾಕುವುದು ಒಳ್ಳೆಯ ನೆಪ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್‌ಅನ್ನು ಸುಳಿವಿಗೆ ಮಾತ್ರ ಬಳಸಿ. ಅದು ಹೇಳಿದ ಹಕ್ಕಿಯನ್ನು ಕಣ್ಣಾರೆ ನೋಡದೆ, ಇಲ್ಲವೇ ದನಿ ನಿಮಗೇ ಖಚಿತವಾಗದೆ, ಪಟ್ಟಿಗೆ ಸೇರಿಸಬೇಡಿ.

ತಿಂಗಳಿಂದ ತಿಂಗಳಿಗೆ

ಫೆಬ್ರವರಿ ಕೊನೆ, ಮಾರ್ಚ್. ವಲಸೆ ಬಾತುಗಳಾದ ಗಾರ್ಗನಿ, ಶವೆಲರ್ ಇನ್ನೂ ಇರುತ್ತವೆ, ಚಳಿಗಾಲದಲ್ಲಿ ಮಂಕಾಗಿದ್ದ ಗಂಡುಗಳು ಈಗ ಪೂರ್ತಿ ಬಣ್ಣಕ್ಕೆ ಬಂದಿರುತ್ತವೆ. ಗಾರ್ಗನಿ ಗಂಡಿನ ಕಣ್ಣ ಮೇಲಿನ ಅಗಲ ಬಿಳಿ ಪಟ್ಟೆ ನೋಡಲು ಇದೇ ಕಾಲ. ಯುಗಾದಿಯ ಆಸುಪಾಸಿಗೆ ಇವು ಖಾಲಿಯಾಗತೊಡಗುತ್ತವೆ. ಕೊನೆಯದಾಗಿ ಕಂಡ ದಿನ ಬರೆದಿಡುವುದನ್ನು ಎಲ್ಲರೂ ಮರೆಯುತ್ತಾರೆ, ಮೊದಲು ಕಂಡ ದಿನ ಮಾತ್ರ ಬರೆಯುತ್ತಾರೆ. ವರ್ಷಪೂರ್ತಿ ಇಲ್ಲೇ ಇರುವ ವರಟೆ ಬಾತುವನ್ನು ಇವುಗಳ ಜತೆ ಬೆರೆಸಬೇಡಿ: ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ.

ಏಪ್ರಿಲ್‌ನಲ್ಲಿ ನೋಡಲು ಸಿಗುವುದು ಅತಿ ಹೆಚ್ಚು, ಬರುವ ಜನ ಅತಿ ಕಡಿಮೆ. ಹೊರಡುವ ಮೊದಲು ಗೊರವಗಳು, ಹಳದಿ ಕುಂಡೆಕುಸ್ಕಗಳು (ವ್ಯಾಗ್‌ಟೇಲ್) ಮದುವೆಯ ಬಣ್ಣ ತೊಡುತ್ತವೆ. ಮೀಸೆ ರೀವದ (ಟರ್ನ್) ಹೊಟ್ಟೆ ಕಪ್ಪಾಗಿ, ಕೆನ್ನೆ ಮಾತ್ರ ಬಿಳಿಯಾಗಿ ಉಳಿಯುತ್ತದೆ; ಜನವರಿಯ ಬೂದು ಹಕ್ಕಿಯೇ ಇದು ಎಂದು ನಂಬುವುದು ಕಷ್ಟ. ಇರುವ ಹಕ್ಕಿಗಳಲ್ಲೂ ಅದೇ ಆಟ. ಕೊಳದ ಬಕದ ಬೆನ್ನು ಕೆನ್ನೇರಳೆಯಾಗುತ್ತದೆ, ಗೋವಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಗುಳುಮುಳುಕದ ಕೆನ್ನೆ ಕಂದುಗೆಂಪಾಗಿ ಬಾಯಿಯ ಮೂಲೆಯಲ್ಲಿ ತಿಳಿಹಳದಿ ಚುಕ್ಕೆ ಮೂಡುತ್ತದೆ. ತೇಲುವ ಎಲೆಗಳಿರುವ ಕೆರೆಯಲ್ಲಿ ದೇವನಕ್ಕಿಗೆ (ಜಕಾನಾ) ಉದ್ದ ಬಾಲ ಬರುವುದೂ ಈಗಲೇ. ಇದರಲ್ಲಿ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡಿ ಮೊಟ್ಟೆಯಿಟ್ಟು ಹೋಗುತ್ತದೆ, ಕಾವು ಕೂರುವುದು, ಮರಿ ಕಾಯುವುದು ಗಂಡಿನ ಪಾಲು.

ಮೇ. ಭರಣಿ, ಕೃತ್ತಿಕೆ ಮಳೆ ಬಿದ್ದರೆ ಕೆರೆ ಒಂದೇ ಸಂಜೆಯಲ್ಲಿ ಬೇರೆಯಾಗುತ್ತದೆ, ಕೆಸರಂಚು ಮುಳುಗುತ್ತದೆ. ನೀವು ಬರೆದಿಟ್ಟ ಮೆಟ್ಟಿಲಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದು. ಗುಳುಮುಳುಕ, ನಾಮದ ಕೋಳಿಯ ಮರಿಗಳಿಗೆ ಕಣ್ಣಿಡಿ. ಗುಳುಮುಳುಕದ ಪಟ್ಟೆ ಪಟ್ಟೆ ಮರಿಗಳು ತಾಯಿಯೋ ತಂದೆಯೋ ಬೆನ್ನೇರಿ ಗರಿಯೊಳಗೆ ಅಡಗಿರುತ್ತವೆ, ತಲೆ ಮಾತ್ರ ಹೊರಗೆ. ಹೆಜ್ಜಾರ್ಲೆಯ ಗೂಡು ನೋಡಲೇಬೇಕು ಅನ್ನುವವರು ಇನ್ನೂ ಮೊದಲೇ, ಫೆಬ್ರವರಿ–ಮಾರ್ಚ್‌ನಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬರಬೇಕು, ಅಲ್ಲಿ ಊರ ನಡುವಿನ ಮರಗಳಲ್ಲೇ ಅವು ಕೂರುತ್ತವೆ.

ಜೂನ್‌ನಲ್ಲಿ ಗೀಜಗ. ಗಂಡಿನ ನೆತ್ತಿ ಹಳದಿಯಾಗಿ, ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಹಸಿ ಹುಲ್ಲಿನ ಗೂಡು ನೇತುಬೀಳುತ್ತವೆ. ಅರ್ಧ ಹೆಣೆದ ಗೂಡು ಬಿಟ್ಟಿದ್ದರೆ ಹೆಣ್ಣು ಒಪ್ಪಲಿಲ್ಲವೆಂದೇ ಸಾಮಾನ್ಯವಾಗಿ ಅರ್ಥ.

ಬಿಳಿ ಹಕ್ಕಿಯ ಗೊಂದಲ

ಬೆಂಗಳೂರಿನ ಕೆರೆಯಲ್ಲಿ ಹೊಸಬರು ಅತಿ ಹೆಚ್ಚು ತಪ್ಪುವುದು ಬೆಳ್ಳಕ್ಕಿಗಳಲ್ಲಿ, ಅದೂ ಬೇಸಿಗೆಯಲ್ಲಿ. ‘ಹಳದಿ ಕೊಕ್ಕು ದೊಡ್ಡದು, ಕಪ್ಪು ಕೊಕ್ಕು ಸಣ್ಣದು’ ಎಂದು ಚಳಿಗಾಲದಲ್ಲಿ ಕಲಿತಿರುತ್ತಾರೆ. ಆದರೆ ಮರಿ ಮಾಡುವ ಕಾಲದಲ್ಲಿ ದೊಡ್ಡ ಬೆಳ್ಳಕ್ಕಿಯ ಕೊಕ್ಕೂ ಕಪ್ಪಾಗುತ್ತದೆ, ಮಧ್ಯಮ ಬೆಳ್ಳಕ್ಕಿಯದೂ ಆಗುತ್ತದೆ. ಆಗ ಕಾಲ್ಬೆರಳು ನೋಡಿ. ಕಪ್ಪು ಕಾಲಿಗೆ ಹಳದಿ ಬೆರಳಿದ್ದರೆ ಸಣ್ಣ ಬೆಳ್ಳಕ್ಕಿ. ಕೆಸರು ಮೆತ್ತಿದ್ದರೆ ಅದು ಕಾಲೆತ್ತಿ ನೀರು ಕಲಕುವವರೆಗೆ, ಇಲ್ಲವೇ ಹಾರುವವರೆಗೆ ಕಾಯಿರಿ. ಈ ಕಾಲದಲ್ಲಿ ಅದರ ನೆತ್ತಿಯಿಂದ ಎರಡು ಉದ್ದ ಎಳೆಗರಿ ಹಿಂದಕ್ಕೆ ಇಳಿಬಿದ್ದಿರುತ್ತವೆ. ದೊಡ್ಡದು, ಮಧ್ಯಮ ಇವೆರಡರ ನಡುವೆ ಸಂಶಯ ಬಂದರೆ ಬಾಯಿಯ ಗೆರೆ ಹಿಡಿದು ಹೋಗಿ: ದೊಡ್ಡದರಲ್ಲಿ ಅದು ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ, ಮಧ್ಯಮದ್ದರಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ.

ಗೊರವಗಳಲ್ಲಿ ಹೆಗಲ ಮುಂದೆ ಬಿಳಿ ಮೇಲಕ್ಕೆ ನುಗ್ಗಿ, ಹಿಂಭಾಗ ಸದಾ ಕುಣಿಯುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ತುಂಬ ಚುಕ್ಕೆ, ಕಣ್ಣ ಮೇಲೆ ಉದ್ದ ಬಿಳಿ ಹುಬ್ಬು ಇದ್ದರೆ ವುಡ್. ಕಪ್ಪಗೆ ಕಂಡು, ಹಾರಿದಾಗ ಸೊಂಟ ಮಾತ್ರ ಥಟ್ಟನೆ ಬಿಳಿ, ರೆಕ್ಕೆಯಡಿ ಕಪ್ಪು ಇದ್ದರೆ ಗ್ರೀನ್.

ನೀರುಕಾಗೆಗಳದು ಅಷ್ಟು ಕಷ್ಟವಿಲ್ಲ. ಮೋಟು ಕೊಕ್ಕಿನದು ಸಣ್ಣದು. ಸಪೂರ ಉದ್ದ ಕೊಕ್ಕು, ಹಸಿರುನೀಲಿ ಕಣ್ಣು ಇದ್ದರೆ ಇಂಡಿಯನ್. ಹೆಬ್ಬಾತಿನ ಗಾತ್ರದ್ದು ದೊಡ್ಡದು. ಕತ್ತು ಮಾತ್ರ ನೀರಿನ ಮೇಲೆ ಹಾವಿನಂತೆ ಕಂಡರೆ ಹಾವಕ್ಕಿ.

ಗೂಡಿನ ಬಳಿ

ಟಿಟ್ಟಿಭ ನೆಲದ ಮೇಲೆ, ಜಲ್ಲಿಕಲ್ಲಿನ ನಡುವೆ, ಹೆಚ್ಚಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊನಚು ತುದಿಗಳು ಒಳಮುಖವಾಗಿರುತ್ತವೆ, ಬಣ್ಣ ಸುತ್ತಲ ಮಣ್ಣಿನದೇ. ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ. ತಲೆಯ ಮೇಲೆ ಕೂಗುತ್ತಾ ಸುತ್ತುತ್ತಿದ್ದರೆ ಗೂಡು ಹತ್ತಿರವಿದೆ ಎಂದರ್ಥ. ಹುಡುಕಬೇಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಏಪ್ರಿಲ್ ಬಿಸಿಲಿನಲ್ಲಿ ಅದು ಮೊಟ್ಟೆಯ ಮೇಲೆ ಕೂರುವುದು ನೆರಳು ಕೊಡಲಿಕ್ಕೂ ಹೌದು. ಹೊಟ್ಟೆಗರಿ ನೀರಲ್ಲಿ ನೆನೆಸಿಕೊಂಡು ಬಂದು ತಂಪು ಮಾಡುತ್ತದೆ. ಫೋಟೊಗೆಂದು ನೀವು ಕಾಲು ಗಂಟೆ ನಿಂತರೆ ಅಷ್ಟು ಹೊತ್ತು ಮೊಟ್ಟೆ ಬರಿ ಬಿಸಿಲಿಗೆ. ಕಾಗೆ ಬೇರೆ ನೋಡುತ್ತಿರುತ್ತದೆ. ಗುಳುಮುಳುಕ ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಜೊಂಡು ಎಳೆದು ಮುಚ್ಚುತ್ತದೆ, ಗಾಬರಿಯಾದರೆ ಮುಚ್ಚದೆ ಓಡುತ್ತದೆ. ಎಷ್ಟು ದೂರ ಸಾಕು ಎಂಬುದಕ್ಕೆ ಮೀಟರ್ ಲೆಕ್ಕ ಬೇಡ: ತಿನ್ನುತ್ತಿದ್ದ ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ನಿಲ್ಲಿ, ಎದ್ದು ನಡೆಯತೊಡಗಿದರೆ ನೀವು ಆಗಲೇ ಹೆಚ್ಚು ಹತ್ತಿರ.

ರೆಕಾರ್ಡ್ ಮಾಡಿದ ದನಿ ನುಡಿಸಿ ಹಕ್ಕಿ ಕರೆಯುವುದು ಈ ಕಾಲದಲ್ಲಿ ಬೇಡವೇ ಬೇಡ. ಗೂಡಿನ ಜಾಗವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಬೇಡ. ಗೂಡು, ಮೊಟ್ಟೆ ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬೇಸಿಗೆಯ ಕೆರೆಯಲ್ಲಿ ಕೆಡುವುದು

ಒಣಗಿದಂತೆ ಕಾಣುವ ಅಂಗಳಕ್ಕೆ ಇಳಿಯಬೇಡಿ. ಮೇಲೆ ಬಿರುಕು, ಕೆಳಗೆ ಮೊಣಕಾಲುದ್ದ ಚರಂಡಿ ಹೂಳು.

ಮೊದಲ ದೊಡ್ಡ ಮಳೆಯ ಮರುದಿನ ಮೀನು ಸತ್ತು ತೇಲುವುದುಂಟು. ಕಾಲುವೆಯಲ್ಲಿ ತಿಂಗಳುಗಟ್ಟಲೆ ನಿಂತ ಕೊಳಚೆ ಒಮ್ಮೆಲೇ ಕೆರೆಗೆ ನುಗ್ಗಿ ನೀರಿನ ಆಮ್ಲಜನಕ ಕುಸಿಯುವುದೇ ಕಾರಣ. ಅಂದು ಹದ್ದು, ಬಕ, ಬೆಳ್ಳಕ್ಕಿ ನೂರಾರು ಸೇರಿರುತ್ತವೆ. ಎಣಿಕೆ ಬರೆಯಿರಿ, ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ, ಇಲ್ಲದಿದ್ದರೆ ಮುಂದಿನ ವರ್ಷ ಆ ಸಂಖ್ಯೆ ನಿಮ್ಮನ್ನೇ ದಾರಿ ತಪ್ಪಿಸುತ್ತದೆ. ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಏರಿಯಿಂದ ಇಳಿದು ಕಟ್ಟಡವೊಂದನ್ನು ಸೇರಿ. ಏರಿಯ ಮೇಲೆ ಎತ್ತರಕ್ಕಿರುವುದು ನೀವೊಬ್ಬರೇ, ಮರದಡಿ ನಿಂತರೆ ಸಿಡಿಲು, ಕೊಂಬೆ ಎರಡರ ಭಯ.

ಬಾತುವೋ ಬಕವೋ ಕತ್ತು ಎತ್ತಲಾರದೆ ದಡದಲ್ಲಿ ಬಿದ್ದಿದ್ದರೆ, ಬಿಸಿಲಿಗೆ ಕೆಟ್ಟ ನೀರಿನಲ್ಲಿ ಹುಟ್ಟುವ ಬಾಟ್ಯುಲಿಸಂ ವಿಷ ಒಂದು ಸಾಧ್ಯತೆ. ಬರಿಗೈಯಲ್ಲಿ ಮುಟ್ಟಬೇಡಿ, ನೀರು ಕುಡಿಸಬೇಡಿ. ಎಷ್ಟು ಹಕ್ಕಿ, ಕೆರೆಯ ಯಾವ ಬದಿ, ಸತ್ತ ಮೀನು ಇದೆಯೇ ಎಂದು ನೋಡಿಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ, ಕೆರೆಯ ಕಾವಲುಗಾರರಿಗೂ ತಿಳಿಸಿ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿದ ಹಕ್ಕಿಯಾದರೆ ದಾರ ಎಳೆಯಬೇಡಿ, ರೆಕ್ಕೆ ಇನ್ನಷ್ಟು ಕೊಯ್ಯುತ್ತದೆ. ಕೈಗೆ ಸಿಗುವಂತಿದ್ದರೆ ಹಕ್ಕಿಯಿಂದ ಒಂದು ಅಡಿ ಬಿಟ್ಟು ದಾರ ಕತ್ತರಿಸಿ, ಟವೆಲ್ ಹೊದಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿಟ್ಟು ರಕ್ಷಕರು ಬರುವವರೆಗೆ ಕಾಯಿರಿ. ಬಕ, ಹಾವಕ್ಕಿಗಳನ್ನು ಹಿಡಿಯುವಾಗ ಮುಖ ದೂರವಿರಲಿ, ಅವು ನೇರ ಕಣ್ಣಿಗೇ ಕುಕ್ಕುತ್ತವೆ.